ಫ್ಲಾಸ್ಕಿನಲ್ಲಿ ಉಳಿದ ಚಹಾ

ಜಯಕ್ಕ, ಅವತ್ತು ಆ ಮಂಜಿನಲ್ಲಿ ಹೋಗಲೇಬೇಕೆಂದು ಹಟ ಹಿಡಿದವನು ನಾನು. ನಿಮ್ಮ ಗಂಡ ಅಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು.

ಇಷ್ಟು ಹೇಳುವುದಕ್ಕೆ ವರ್ಷಗಳೇ ಬೇಕಾದವು. ನನ್ನಂಥ ಪುಕ್ಕಲನಿಗೆ ಅದೂ ಕಡಿಮೆಯೇ.

ಮರುಭೂಮಿಯಲ್ಲಿ ಎಂಥ ಮಂಜು ಎಂದು ಮೈಸೂರಿನಲ್ಲಿ ನಮ್ಮಮ್ಮ ಇವತ್ತಿಗೂ ನಗುತ್ತಾರೆ. ನಿಮಗೆ ಗೊತ್ತಿತ್ತು. ಚಳಿಗಾಲದ ಮೊದಲ ದಟ್ಟ ಮಂಜು ಬಿದ್ದ ಬೆಳಿಗ್ಗೆ ನೀವು ಫ್ಲಾಸ್ಕಿನಲ್ಲಿ ಚಹಾ ತುಂಬಿ, ಎರಡು ಸ್ಟೀಲ್ ಲೋಟ ಜೊತೆಗಿಟ್ಟು ಸದಾಶಿವಣ್ಣನ ಕೈಗೆ ಕೊಡುತ್ತಿದ್ದಿರಿ. ರಸ್ತೆ ಕಾಣದಿದ್ದರೆ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಇದನ್ನು ಕುಡಿದು ಮುಗಿಸಿಯೇ ಮುಂದೆ ಹೋಗಬೇಕು — ಅದು ಅವರು ನಿಮಗೆ ಕೊಟ್ಟ ಮಾತು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಫೀಸಿಗೆ ನಾವಿಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಒಂದು ವಾರ ಅವರ ಡ್ರೈವಿಂಗ್, ಒಂದು ವಾರ ನನ್ನದು.

ಅವತ್ತು ನನ್ನ ವಾರ. ಹೊಸ ಮ್ಯಾನೇಜರ್ ಕರೆದ ಮೀಟಿಂಗ್ ಇತ್ತು — ನನಗೆ, ಅಣ್ಣನಿಗಲ್ಲ. ಪಂಪ್ ಹತ್ತಿರ ಬಂದಾಗ ಅವರು ಮಡಿಲಲ್ಲಿದ್ದ ಚೀಲದೊಳಗಿನ ಫ್ಲಾಸ್ಕ್ ತಟ್ಟಿ ಹೇಳಿದರು:

"ಎಂಥದೂ ಕಾಣುದಿಲ್ಲ ಮಾರಾಯ. ನಿಲ್ಲಿಸು, ಚಾ ಕುಡಿದು ಹೋಗುವ."

ಎಲ್ಲರೂ ಹೋಗುತ್ತಿದ್ದಾರಲ್ಲ ಎಂದೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಹಜಾರ್ಡ್ ಲೈಟಿನ ಗುಂಡಿ ಒತ್ತಿದೆ. ಇಲ್ಲಿ ಮಂಜು ಕಂಡರೆ ಸಾಕು, ಅರ್ಧ ರಸ್ತೆ ಹಾಗೇ ಮಿಣುಕುತ್ತಾ ಓಡುತ್ತದೆ. ಓಡುವ ಗಾಡಿಯಲ್ಲಿ ಅದನ್ನು ಹಾಕಬೇಡ, ನಿಂತ ಗಾಡಿ ಯಾವುದು ಓಡುವ ಗಾಡಿ ಯಾವುದು ಎಂದು ಹಿಂದಿನವನಿಗೆ ತಿಳಿಯುವುದು ಹೇಗೆ ಎಂದು ಅಣ್ಣ ಕೇಳಿದರು. ಅವರ ಪುರಾಣ ಶುರುವಾಯಿತೆಂದು ನಾನು ನಕ್ಕೆ.

ಮುಂದಿನ ಕಾರು ನಿಂತಿತು. ನಾನೂ ನಿಲ್ಲಿಸಿದೆ. ಹಿಂದಿನ ಪಿಕಪ್‌ನವನಿಗೆ ತಿಳಿಯಲಿಲ್ಲ — ಹೇಗೆ ತಿಳಿಯಬೇಕು. ಅವನು ನೂಕಿದ ರಭಸಕ್ಕೆ ನಮ್ಮ ಕಾರು ಮುಂದಿನದಕ್ಕೆ ಗುದ್ದಿ, ಅಣ್ಣ ಕೂತಿದ್ದ ಕಡೆ ಅಪ್ಪಚ್ಚಿಯಾಯಿತು. ನನಗೆ ಹಣೆಯ ಮೇಲೊಂದು ಗೀರು ಬಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ನೀವು ಅವರ ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳ ತಿರುಗಿಸಿದಿರಿ. ಕಂಠದವರೆಗೂ ಚಹಾ ಇತ್ತು, ಇನ್ನೂ ಹಬೆಯಾಡುತ್ತಿತ್ತು.

"ನಿಲ್ಲಿಸಲೇ ಇಲ್ವಾ?" ಎಂದು ನನ್ನನ್ನು ಕೇಳಿದಿರಿ.

"ಅಣ್ಣನೇ ಹೋಗೋಣ ಅಂದ್ರು ಅಕ್ಕ. ಅವರಿಗೇ ಅರ್ಜೆಂಟಿತ್ತು."

ಅಣ್ಣ ಸ್ಟ್ರೆಚರಿನ ಮೇಲೆ, ಅಲ್ಲೇ ಇದ್ದರು. ಕೇಳಿಸಿಕೊಂಡರು. ಒಮ್ಮೆ ನನ್ನ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು. ಯಾಕೆ ಸುಮ್ಮನಿದ್ದರೋ... ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ.

ಅಣ್ಣನ ಜಜ್ಜಿದ ಕಾಲು ಸರಿಹೋಗಲಿಲ್ಲ, ಕೆಲಸ ಹೋಯಿತು, ವೀಸಾ ಮುಗಿಯಿತು, ನೀವಿಬ್ಬರೂ ಉಡುಪಿಗೆ ಹೊರಟಿರಿ. ಈಗಲೂ ಫೋನ್ ಮಾಡಿದಾಗೆಲ್ಲ, ನನಗೆ ಮಾತು ಕೊಟ್ಟು ತಪ್ಪಿದರಲ್ಲ ಎಂದು ನೀವು ಒಂದು ಸಲವಾದರೂ ಹೇಳದೆ ಬಿಡುವುದಿಲ್ಲ. ಹಿಂದಿನಿಂದ ಅಣ್ಣ ನನ್ನ ಮಗಳ ಸ್ಕೂಲಿನ ಸುದ್ದಿ ಕೇಳುತ್ತಾರೆ. ನಾನು ಎಲ್ಲದಕ್ಕೂ ಹ್ಞೂಂಗುಟ್ಟಿ ಫೋನ್ ಇಡುತ್ತೇನೆ.

ಅವರಿಲ್ಲದ ಬೆಳಗುಗಳು ನನಗೆ ಹಿಡಿಸುವುದಿಲ್ಲ ಅಕ್ಕ. ನನ್ನ ಮೈಸೂರಿನ ಮಾತನ್ನು ಅಣಕಿಸುತ್ತಿದ್ದರು, ಹಳೆಯ ಹಾಡನ್ನು ಅಪಸ್ವರದಲ್ಲಿ ಗುನುಗುತ್ತಿದ್ದರು, ಬೈದರೂ ಮಾರಾಯ ಎನ್ನದೆ ಬೈಯುತ್ತಿರಲಿಲ್ಲ. ಹೊಸ ಕಾರಿನಲ್ಲೂ ಪಕ್ಕದ ಸೀಟನ್ನು ಅವರ ಉದ್ದ ಕಾಲಿಗೆಂದು ಹಿಂದಕ್ಕೆ ಸರಿಸಿಟ್ಟಿದ್ದೇನೆ. ಅಲ್ಲಿ ಲ್ಯಾಪ್‌ಟಾಪ್ ಚೀಲ ಕೂರುತ್ತದೆ.

ಇವತ್ತು ಈ ಚಳಿಗಾಲದ ಮೊದಲ ಮಂಜು. ಅದೇ ಪಂಪಿನಲ್ಲಿ ನಿಲ್ಲಿಸಿ, ನಿಮಗೆ ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಕರಕ್ ಚಹಾ ಕೊಂಡೆ, ಕುಡಿಯಲಾಗಲಿಲ್ಲ. ಆಚೆ ರಸ್ತೆಯಲ್ಲಿ ಗಾಡಿಗಳು ಮಿಣುಕುತ್ತಾ ಹೋಗುತ್ತಿವೆ. ಆಫೀಸಿಗೆ ತಡವಾಗುತ್ತದೆ, ಆಗಲಿ.

ಸಂಜೆ ಫೋನ್ ಮಾಡುತ್ತೇನೆ. ಸ್ಪೀಕರ್ ಹಾಕಿ, ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಸುಳ್ಳನ್ನು ಅವರ ಕಿವಿಗೆ ಬೀಳುವಂತೆಯೇ ಹೇಳಿದ್ದೆ. ಇದನ್ನೂ ಅವರು ನನ್ನ ಬಾಯಿಂದಲೇ ಕೇಳಬೇಕು. ಆಮೇಲೆ ನೀವು ನನ್ನೊಡನೆ ಮಾತು ಬಿಟ್ಟರೂ ಸರಿಯೇ.

ಅವರು ಮಾತು ತಪ್ಪಿರಲಿಲ್ಲ, ಅಕ್ಕ.