ಗ್ಲೆನಿಸ್‌ಳ ಸಿಟ್ಟು

ಮರ್ರೆ ನದಿಯ ದಂಡೆಯ ಪಟ್ಟಣವೊಂದರ ತರಬೇತಿ ಕಾಲೇಜಿನಲ್ಲಿ ಶಿಶುಪಾಲನೆ ಕಲಿಸುವ ಗ್ಲೆನಿಸ್ ಹಾರ್ಟಿಗನ್‌ಗೆ ಸಿಟ್ಟು ಬಾರದ ದಿನವಿಲ್ಲ. ‘ಮಕ್ಕಳನ್ನ ನೋಡ್ಕೊಳ್ಳೋದೇನು ಮಹಾ ಕೆಲಸ’ ಎಂದವರನ್ನು ಆಕೆ ಮೊಣಕಾಲು ಗದ್ದಕ್ಕೆ ತಾಗುವ ಪುಟಾಣಿ ಕುರ್ಚಿಯಲ್ಲಿ ಕೂರಿಸಿ, ಬೇಯಿಸಿದ ಕುಂಬಳಕಾಯಿಯನ್ನು ಹೇಳದೆ ಕೇಳದೆ ಬಾಯಿಗೆ ತುರುಕುತ್ತಾಳೆ. ‘ಹೇಗಿದೆ? ಮಗೂಗೂ ಹೀಗೇ ಆಗುತ್ತೆ. ಮೊದ್ಲು ಕೇಳು, ಆಮೇಲೆ ತಿನ್ನಿಸು.’ ಮೊಬೈಲ್ ನೋಡುತ್ತ ಡಯಾಪರ್ ಬದಲಿಸುವವರಿಂದ ಅಭ್ಯಾಸದ ಗೊಂಬೆಯ ಬಳಿಯೂ ಕ್ಷಮೆ ಕೇಳಿಸುತ್ತಾಳೆ. ಮೊನ್ನೆ ಪ್ರಾಂಶುಪಾಲ ಡಂಕನ್ ತರಬೇತಿ ಇನ್ನೂ ಮುಗಿಯದ ಹನ್ನೆರಡು ಮಂದಿಯ ಪ್ರಮಾಣಪತ್ರ ತಂದು, ‘ಸಹಿ ಹಾಕ್ಬಿಡು ಗ್ಲೆನ್, ಶಿಶುವಿಹಾರಗಳಲ್ಲಿ ಜನ ಸಾಲ್ತಿಲ್ಲ. ಉಳಿದದ್ದು ಕೆಲ್ಸದಲ್ಲೇ ಕಲೀತಾರೆ’ ಎಂದ. ‘ಯಾರ ಮಗು ಮೇಲೆ ಕಲೀತಾರೆ?’ ಎನ್ನುತ್ತ ಆಕೆ ಕಾಗದಗಳನ್ನು ಅವನ ಎದೆಗೊತ್ತಿದಳು. ‘ಯಾಕಿಷ್ಟು ಸಿಟ್ಟು ನಿಂಗೆ?’ ಎಂದು ಹೊಸದಾಗಿ ಬಂದಿದ್ದ ಅವನು ಗೊಣಗಿದ. ಗ್ಲೆನಿಸ್ ಮೇಜಿನ ಖಾನೆಯಿಂದ ಹಳೆಯ ಪತ್ರಿಕೆಯ ತುಣುಕೊಂದನ್ನು ತೆಗೆದು ಅವನ ಮುಂದಿಟ್ಟಳು. ಶಿಶುವಿಹಾರದ ವ್ಯಾನಿನಲ್ಲೇ ಮರೆತುಬಿಟ್ಟಿದ್ದರಿಂದ ಬಿಸಿಲ ಬೇಗೆಗೆ ಸತ್ತ ಎರಡು ವರ್ಷದ ಹುಡುಗಿಯ ಸುದ್ದಿ ಅದು. ‘ವ್ಯಾನಿಂದ ಮಕ್ಕಳನ್ನ ಇಳಿಸಿದವಳು ನನ್ನ ವಿದ್ಯಾರ್ಥಿನಿ. ಅರ್ಧ ಮಾತ್ರ ಕಲ್ತಿದ್ಲು. ನಿನಗಿಂತ ಮೊದ್ಲಿದ್ದ ಪ್ರಾಂಶುಪಾಲ್ರು ಅವಸರ ಮಾಡಿದ್ರು, ನಗ್ತಾ ಸಹಿ ಹಾಕ್ಕೊಟ್ಟೆ. ಆವತ್ತು ಬರ್ಬೇಕಿತ್ತು ಸಿಟ್ಟು, ಬರ್ಲಿಲ್ಲ.’