ಗಂಟೆ ಮುಟ್ಟದ ಗೋಲಿ

ದಸರೆಗೆ ಮುಂಚೆ ಗೊಂಬೆಯ ಟ್ರಂಕು ತೆಗೆದಾಗ ಬರುವ ನುಸಿಗುಳಿಗೆಯ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ನಗಬೇಡಿ. ಮೊನ್ನೆ ಜೆ.ಪಿ. ನಗರದ ನಮ್ಮ ಫ್ಲಾಟಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಯಡಿಯೂರಿನ ಮನೆಯ ಏಳನೇ ಕ್ಲಾಸಿನ ಹುಡುಗಿಯಾಗಿಬಿಟ್ಟೆ.

ಆ ಹುಡುಗಿಗೆ ಬಾಯಿ ಸ್ವಲ್ಪ ದೊಡ್ಡದು. ಈಗಲೂ ಹಾಗೇ ಇದೆ ಎನ್ನುತ್ತಾರೆ ಮನೆಯವರು. ಎತ್ತರದಲ್ಲಿಟ್ಟ ವಸ್ತುವಿನಲ್ಲಿ ಶಕ್ತಿ ಅಡಗಿರುತ್ತದೆ, ಬಿಟ್ಟರೆ ಅದೇ ಚಲನೆಯಾಗುತ್ತದೆ, ಶಕ್ತಿ ಎಂದೂ ನಾಶವಾಗುವುದಿಲ್ಲ ಎಂದು ವಿಜ್ಞಾನದ ಮಿಸ್ಸು ಪಾಠ ಮಾಡಿದ್ದರು. ನಾಶವಾಗದಿದ್ದರೆ, ಗೋಲಿ ಎಷ್ಟು ಎತ್ತರದಿಂದ ಇಳಿಯುತ್ತದೋ ಅಷ್ಟೇ ಎತ್ತರ ಹತ್ತಲೇಬೇಕಲ್ಲ? ಇಡೀ ಕ್ಲಾಸಿನ ಮುಂದೆ ಎದ್ದು ನಿಂತು, "ಹತ್ತುತ್ತೆ ಮಿಸ್. ನಮ್ಮನೆ ಗೊಂಬೆ ನೋಡಕ್ಕೆ ಬನ್ನಿ, ತೋರಿಸ್ತೀನಿ" ಎಂದೆ. ಮಿಸ್ಸು ಶುಕ್ರವಾರ ಸಂಜೆ ಬರಲು ಒಪ್ಪಿಬಿಟ್ಟರು. ಹಿಂದಿನ ಬೆಂಚಿನವರೂ ಬರುತ್ತೇವೆಂದರು, ಉಸಲಿಗಾಗಿ.

ಅಪ್ಪ ಕಿಟಕಿ ಪರದೆಯ ಹಳೆಯ ಅಲ್ಯೂಮಿನಿಯಂ ಚಾನೆಲ್ಲನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿಕೊಟ್ಟರು. ಒಂದು ತುದಿ ಗೊಂಬೆ ಕೂರಿಸಿದ ಮೆಟ್ಟಿಲುಗಳಲ್ಲಿ ಮೇಲಿನಿಂದ ಎರಡನೆಯದರಲ್ಲಿ. ಇನ್ನೊಂದು ತುದಿ ಎದುರಿಗೆ, ಡಬ್ಬ ಪೇರಿಸಿ ಹಸಿರು ಸೀರೆ ಹೊದಿಸಿದ ಅಷ್ಟೇ ಎತ್ತರದ ಬೆಟ್ಟದ ಮೇಲೆ. ಅಲ್ಲೊಂದು ಪುಟ್ಟ ಗಂಟೆ. ಗೋಲಿ ಬಿಟ್ಟೆ. ಅದು ಸರ್ರನೆ ಇಳಿದು, ಬೆಟ್ಟ ಹತ್ತಿ, ಗಂಟೆಗೆ ಒಂದು ಗೇಣು ದೂರದಲ್ಲಿ ಮನಸ್ಸು ಬದಲಾಯಿಸಿ ಹಿಂದಕ್ಕೆ ಬಂತು. ಕೊಬ್ಬರಿ ಎಣ್ಣೆ ಸವರಿದೆ. ಗೋಲಿ ಇನ್ನಷ್ಟು ಸೋಮಾರಿಯಾಯಿತು. ತಳ್ಳಬಹುದಿತ್ತು, ಆದರೆ ಅದು ನನ್ನ ಕೈಯ ಬಲ, ಎತ್ತರದ್ದಲ್ಲ. ಒಂದು ಮೆಟ್ಟಿಲು ಮೇಲಿಂದ ಬಿಡೋಣವೆಂದರೆ ಅಲ್ಲಿ ಪಟ್ಟದ ಗೊಂಬೆಗಳು.

"ರಾಜ-ರಾಣಿ ಸಮಕ್ಕೆ ನಿನ್ನ ಗೋಲಿನಾ? ಆಗಲ್ಲಮ್ಮ" ಎಂದರು ಅಜ್ಜಿ. ಅಲ್ಲಿಗೆ ಆ ಮಾತು ಮುಗಿಯಿತು.

ಶುಕ್ರವಾರ ಎಲ್ಲರೂ ಬಂದರು. ಗೋಲಿ ಎಲ್ಲರೆದುರಿಗೂ ಅದೇ ಗೇಣು ದೂರದಲ್ಲಿ ಕೈಕೊಟ್ಟಿತು. ಹಿಂದಿನ ಬೆಂಚಿನವರು ಉಸಲಿ ತಿನ್ನುತ್ತಲೇ ಕಿಸಕ್ಕನೆ ನಕ್ಕರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ಮಿಸ್ಸು ಮಾತ್ರ ತಟ್ಟೆ ಪಕ್ಕಕ್ಕಿಟ್ಟು, ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತರು.

"ಇನ್ನೊಂದ್ಸಲ ಬಿಡು. ಈ ಸಲ ನೋಡ್ಬೇಡ, ಕೇಳು."

ಕಣ್ಣು ಮುಚ್ಚಿದೆ. ಗೋಲಿ ಬಿಟ್ಟೆ. ಗರ್‌ರ್ ಎಂಬ ಸದ್ದು ಇಳಿಯಿತು, ಹತ್ತಿತು, ಸಣ್ಣದಾಯಿತು.

"ಕೇಳಿಸ್ತಾ? ಗಂಟೆ ಮುಟ್ಟದೇ ಇದ್ದ ಶಕ್ತಿ ಎಲ್ಲಿ ಹೋಯ್ತು ಅಂತ ತಾನೇ ನಿನ್ನ ದುಃಖ? ಆ ಸದ್ದೂ ಅದರದ್ದೇ. ಉಳಿದಿದ್ದು ಉಜ್ಜಿ ಉಜ್ಜಿ ಶಾಖ ಆಯ್ತು. ನಾಶ ಆಗಿಲ್ಲ ಕಣೇ, ಹಂಚಿಹೋಗಿದೆ."

ಸೋತದ್ದು ನಾನು, ಪಾಠವಲ್ಲ. ಮಿಸ್ಸು ಹೇಳಿದಂತೆ ಬೆಟ್ಟದಿಂದ ಒಂದು ಡಬ್ಬ ತೆಗೆದು ಮತ್ತೆ ಬಿಟ್ಟೆ. ಗಂಟೆ ಟಣ್ ಎಂದಿತು. ಅಜ್ಜಿ ಅಭ್ಯಾಸಬಲದಿಂದ ಕೈಮುಗಿದರು. ಆಮೇಲೆ ಹಿಂದಿನ ಬೆಂಚಿನವರು ಸರದಿ ಬಿಟ್ಟುಕೊಡಲಿಲ್ಲ.

ಈ ಸಲ, ನಲವತ್ತು ದಾಟಿದ ಮೇಲೆ, ಮತ್ತೆ ಬೆಟ್ಟ ಕಟ್ಟಿದೆ. ನಿನ್ನೆ ಸಂಜೆಯಿಡೀ ಒಬ್ಬಳೇ ಆಡುತ್ತಿದ್ದೆ. ಕೆಳಗಿನ ಫ್ಲಾಟಿನ ಅಂಕಲ್ ಬಾಗಿಲು ತಟ್ಟಿದರು.

"ಏನಮ್ಮ ಇದು, ತಲೆ ಮೇಲೆ ಗರಗರ ಅಂತಿದೆ."

ಸಾರಿ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ. "ಬೆಟ್ಟ ಹತ್ತಬೇಕಾಗಿದ್ದ ಶಕ್ತಿ ಅಂಕಲ್, ಸ್ವಲ್ಪ ನಿಮ್ಮನೆಗೆ ಬಂದ್ಬಿಟ್ಟಿದೆ. ಬನ್ನಿ, ತೋರಿಸ್ತೀನಿ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕುಳಿತು, ಗೋಲಿಗೆ ಕೈ ಚಾಚಿದರು.