ಬಾಡಿಗೆ ಬಟ್ಟೆಯ ಸಿಪಾಯಿ

ತುರ್ಕರು ಆಳುತ್ತಿದ್ದ ಬಲ್ಗೇರಿಯಾದ ಫಿಲಿಬೆ ಪಟ್ಟಣದ ಮೇಲಿನ ಓಣಿಯಲ್ಲಿ ಬೋಜಾ ಮಾರುವ ತುರ್ಕ ದುರ್ಸುನನಿಗೆ ಮುಖ ಕೊಡುವಾಗ ದೇವರು ಯಾವ ಗಡಿಬಿಡಿಯಲ್ಲಿದ್ದನೋ! ಕಿವಿ ಮುಟ್ಟುವ ಮೀಸೆ, ಸಿಡುಬಿನ ಕಲೆ, ಕೆಂಡದಂಥ ಕಣ್ಣು. ಒಳಗೆ ಮಾತ್ರ ಬೆಣ್ಣೆ. ಹೆಂಡತಿ ಬದುಕಿದ್ದಾಗ ಕೋಳಿ ಕೊಯ್ಯುವ ಕೆಲಸ ಅವಳದೇ. ಆ ದಿನ ಇವನು ಅಂಗಡಿ ಬಿಟ್ಟು ಮನೆ ಕಡೆ ತಲೆಹಾಕುತ್ತಿರಲಿಲ್ಲ.

ಬೋಜಾ ಎಂದರೆ ಬರಗಿನ ಹುಳಿ ಅಂಬಲಿ. ಅದರ ಮೊದಲ ಲೋಟ ಪ್ರತಿದಿನ ಎದುರು ಮನೆಯ ಝ್ಲಾತಾಳಿಗೆ. ಬಲ್ಗೇರಿಯನ್ ಮುದುಕಿ, ಬಾಯಿ ಜೋರು.

“ಏನೋ, ಇವತ್ತು ಬರೀ ನೀರು! ಬರಗನ್ನೆಲ್ಲ ಮೀಸೆಗೆ ತಿನ್ನಿಸಿದ್ಯಾ?”

“ಬಿಟ್ಟಿ ಕುಡಿಯೋಳಿಗೆ ಮಾತು ಬೇರೆ ಕೇಡು, ಅಕ್ಕ.”

ಮೂವತ್ತು ವರ್ಷ ಹೀಗೇ ನಡೆದಿತ್ತು.

ಆ ಮುಖದ ಮೇಲೆ ಒಬ್ಬ ಫ್ರೆಂಚ್ ಚಿತ್ರಕಾರನ ಕಣ್ಣು ಬಿತ್ತು. ಕೆಂಪು ರೇಷ್ಮೆಯ ಅಂಗಿ, ಜರಿಯ ರುಮಾಲು, ಎರಡು ಕಠಾರಿ, ಗುಂಡು ಹಾರದ ಪಿಸ್ತೂಲು, ಎಲ್ಲವನ್ನೂ ಬಾಡಿಗೆಗೆ ತಂದು ತೊಡಿಸಿ ಇವನನ್ನು ಬಾಷಿಬಜೂಕನಾಗಿ ಕೂರಿಸಿದ. ಸಂಬಳವಿಲ್ಲದೆ ಲೂಟಿಯ ಮೇಲೆ ಬದುಕುವ ತುರ್ಕಿ ಸಿಪಾಯಿಯ ವೇಷ ಅದು. ಮೂರು ದಿನವೂ ದುರ್ಸುನನಿಗೆ ದವಡೆ ಹಲ್ಲಿನ ನೋವು. ಆ ನೋವೇ ಚಿತ್ರದಲ್ಲಿ ಕ್ರೌರ್ಯವಾಗಿ ಇಳಿಯಿತು. ಮರುವರ್ಷ ಅದರ ಅಚ್ಚುಪ್ರತಿಯೊಂದು ಬಂದಾಗ ಹಿಗ್ಗಿ ಹೀರೆಕಾಯಿಯಾಗಿ ಅಂಗಡಿಯ ಗೋಡೆಗೆ ತೂಗುಹಾಕಿದ. ಝ್ಲಾತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಬಲ್ಗೇರಿಯನ್ನರು ತುರ್ಕರ ವಿರುದ್ಧ ಎದ್ದ ದಂಗೆಯ ವರ್ಷ ಬಂತು. ನಿಜವಾದ ಬಾಷಿಬಜೂಕರು ಬೆಟ್ಟದ ಹಳ್ಳಿಯೊಂದಕ್ಕೆ ಬೆಂಕಿಯಿಟ್ಟರು. ಝ್ಲಾತಾಳ ಮಗಳು, ಇಬ್ಬರು ಮೊಮ್ಮಕ್ಕಳು ಅದರಲ್ಲಿ ಹೋದರು. ಮಣ್ಣು ಮಾಡಿ ಬಂದವಳು ಅಂಗಡಿಯ ಮುಂದೆ ನಿಂತು ಗೋಡೆ ನೋಡಿದಳು, ಇವನ ಮುಖ ನೋಡಿದಳು. ಲೋಟ ಮುಟ್ಟಲಿಲ್ಲ.

ದುರ್ಸುನ್ ಚಿತ್ರವನ್ನು ಅವಳ ಕಣ್ಣೆದುರೇ ಒಲೆಗೆ ಹಾಕಿದ. “ಅದು ಬಾಡಿಗೆ ಬಟ್ಟೆ ಅಕ್ಕ, ನಿನಗೆ ಗೊತ್ತಲ್ಲ!”

“ಗೊತ್ತು ಕಣೋ. ಹಳ್ಳಿ ಉರಿದ ದಿನ ನೀನು ನನ್ನ ಹೊಸ್ತಿಲಲ್ಲೇ ಕೂತಿದ್ದೆ, ಅದೂ ಗೊತ್ತು. ಆದ್ರೆ ಆ ಮೀಸೆ ನೋಡಿದ್ರೆ ಗುಟುಕು ಒಳಗಿಳಿಯಲ್ಲ. ನಾನೇನು ಮಾಡ್ಲಿ?”

ಎರಡು ಚಳಿಗಾಲ ಲೋಟ ಹೋಯಿತು, ತುಂಬಿದ್ದು ತುಂಬಿದಂತೆಯೇ ವಾಪಸು ಬಂತು. ದುರ್ಸುನನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋಗಿ ಮೀಸೆ ತೆಗೆ ಎಂದ. ಕ್ಷೌರಿಕ ಕತ್ತಿ ಕೆಳಗಿಟ್ಟ.

“ತಲೆ ಕೆಟ್ಟಿದೆಯಾ ನಿಂಗೆ? ತುರ್ಕರನ್ನ ಸೋಲಿಸ್ತಾ ರಷ್ಯನ್ನರು ಊರ ಬಾಗಿಲಿಗೆ ಬಂದಿದ್ದಾರೆ. ಈಗ ಮೀಸೆ ಬೋಳಿಸ್ಕೊಳ್ತಿರೋರು ಯಾರು ಗೊತ್ತಾ? ತಲೆಮರೆಸ್ಕೊಳ್ಳೋ ಬಾಷಿಬಜೂಕರು!”

ಯಾರ ಮಾತು ಯಾರಿಗೆ ಬೇಕು. ಮನೆಗೆ ಬಂದು ತಾನೇ ಬೋಳಿಸಿಕೊಂಡ. ನಲವತ್ತು ವರ್ಷ ಸಾಕಿದ ಮೀಸೆ. ಕನ್ನಡಿಯ ಮುಂದೆ ಗಳಗಳನೆ ಅತ್ತ.

ನಾಲ್ಕನೆಯ ದಿನ, ರಷ್ಯನ್ನರ ಜೊತೆ ಊರು ಹೊಕ್ಕ ಇಬ್ಬರು ಬಲ್ಗೇರಿಯನ್ ಯುವಕರು ಬಂದೂಕು ಹಿಡಿದು ಅಂಗಡಿಗೆ ಬಂದರು. ಗೋಡೆಯಲ್ಲಿದ್ದ ಚಿತ್ರದ ಸುದ್ದಿಯನ್ನು ಯಾರೋ ಅವರ ಕಿವಿಗೆ ಊದಿದ್ದರು. ದುರ್ಸುನನ ಬಿಸಿಲು ಕಾಣದ ಮೇಲ್ತುಟಿ ಬೆಳ್ಳಗೆ ಎದ್ದು ಕಾಣುತ್ತಿತ್ತು.

“ಮೀಸೆ ಯಾಕೆ ತೆಗೆದೆ?”

“ಅಕ್ಕ ಬೋಜಾ ಕುಡೀಲಿ ಅಂತ.”

ಅವರು ಬಿದ್ದು ಬಿದ್ದು ನಕ್ಕರು.

ಝ್ಲಾತಾ ಕೋಲೂರಿಕೊಂಡು ಬಂದಳು. “ಬಿಡ್ರೋ ಅವನನ್ನ! ಇರುವೆ ಮೆಟ್ಟೋಕೂ ಹೆದರ್ತಾನೆ.”

“ಹೆದರ್ಕೊಂಡು ಹೇಳ್ತಿರೋಳು ನೀನು, ಅಜ್ಜಿ. ನಂಬಿಕೆ ಇದ್ರೆ ಅವನ ಕೈಯಿಂದ ಒಂದು ಲೋಟ ಕುಡಿ, ನೋಡೋಣ.”

ದುರ್ಸುನ್ ಲೋಟ ತುಂಬಿ ಕೊಟ್ಟ. ಝ್ಲಾತಾ ಅವನ ಬೋಳು ಮುಖ ನೋಡಿದಳು. ಮೀಸೆ ಹೋಗಿತ್ತು, ಕಣ್ಣು ಅವೇ ಇದ್ದವು. ಲೋಟ ತುಟಿಯವರೆಗೆ ಹೋಯಿತು. ಅರ್ಧ ಬೋಜಾ ಎದೆಯ ಮೇಲೆ ಚೆಲ್ಲಿತು. ಇನ್ನೊಮ್ಮೆ ಎತ್ತಿದಳು. ಆಗಲಿಲ್ಲ.

“ಸಾಕು,” ಎನ್ನುತ್ತಾ ಒಬ್ಬ ದುರ್ಸುನನ ಕೈಗಳನ್ನು ಹಿಂದಕ್ಕೆ ಕಟ್ಟಿದ.

“ಇರಲಿ ಅಕ್ಕ, ನೀನೇನು ಮಾಡ್ತೀಯ,” ಎಂದ ದುರ್ಸುನ್.

ಅವನನ್ನು ನಡೆಸಿಕೊಂಡು ಅವರು ಓಣಿಯ ತಿರುವು ಮುಟ್ಟುವಾಗ ಹಿಂದಿನಿಂದ ಅವಳ ಕೂಗು ಕೇಳಿಸಿತು. “ಕುಡಿದೆ ಕಣ್ರೋ! ನೋಡ್ರೋ, ಪೂರ್ತಿ ಕುಡಿದೆ!”

ದುರ್ಸುನ್ ತಿರುಗಿ ನೋಡಿದ. ಖಾಲಿ ಲೋಟ ಎತ್ತಿ ಹಿಡಿದು, ಓಡಲಾರದೆ, ಅವಳು ನಡುಬೀದಿಯಲ್ಲಿ ನಿಂತಿದ್ದಳು. ಆ ಇಬ್ಬರು ತಿರುಗಲಿಲ್ಲ.